ಬಳೆ ಸೈಜ್ 2.6 ಅಂದ್ರೆ ಎಷ್ಟು ಎಂಎಂ? ಸ್ಕೇಲಲ್ಲಿ ಒಂದು, ಚಾರ್ಟಲ್ಲಿ ಇನ್ನೊಂದು

ಕುವೆಂಪುನಗರ_ಕಿಟ್ಟಿ
ಎಲ್ರಿಗೂ ನಮಸ್ಕಾರ, ಒಂದು ಸಣ್ಣ ಡೌಟು. ಅಕ್ಕನ ಸೀಮಂತಕ್ಕೆ ಹಸಿರು ಗಾಜಿನ ಬಳೆ ಆನ್‌ಲೈನಲ್ಲಿ ತರಿಸೋಣ ಅಂತ ನೋಡ್ತಿದೀನಿ. ಅಕ್ಕ ನಂದು 2.6 ಸೈಜು ಕಣೋ ಅಂದ್ಲು. 2.6 ಇಂಚು ಇಂಟು 25.4, ಅಂದ್ರೆ 66 ಎಂಎಂ. ಇರಲಿ ಅಂತ ಅವಳ ದಪ್ಪದ ಕಲ್ಲಿನ ಬಳೆ ಒಂದನ್ನ ಸ್ಕೇಲ್ ಮೇಲಿಟ್ಟು ಈ ಅಂಚಿಂದ ಆ ಅಂಚಿಗೆ ನೋಡಿದ್ರೆ ಕರೆಕ್ಟಾಗಿ 66 ಬಂತು. ಆದ್ರೆ ಸೈಟಿನ ಸೈಜ್ ಚಾರ್ಟ್ ತೆಗೆದ್ರೆ 2.6ರ ಮುಂದೆ 60.3 ಎಂಎಂ ಅಂತ ಹಾಕಿದಾರೆ. ಲೆಕ್ಕಕ್ಕೂ ಸ್ಕೇಲಿಗೂ ತಾಳೆ ಆಗ್ತಿದೆ, ಚಾರ್ಟ್ ಮಾತ್ರ ಬೇರೆ ಹೇಳ್ತಿದೆ. ಚಾರ್ಟೇ ತಪ್ಪಾ? ಗೊತ್ತಿರೋರು ಹೇಳಿ, ಗಾಜಿನ ಬಳೆ ರಿಟರ್ನ್ ತಗೊಳಲ್ವಂತೆ.

ಬಳೆ_ಅಂಗಡಿ_ಮಂಡ್ಯ
ತಮ್ಮ, ಚಾರ್ಟ್ ಸರಿಯಾಗೇ ಅದೆ. 2.6 ಅನ್ನೋದು ಎರಡು ಪಾಯಿಂಟ್ ಆರು ಅಲ್ಲ. ಎರಡು ಇಂಚು, ಮೇಲೆ ಹದಿನಾರರಲ್ಲಿ ಆರು ಭಾಗ. ರೂಪಾಯಿಗೆ ಹದಿನಾರಾಣೆ ಇತ್ತಲ್ಲ ಹಂಗೆ ಇಂಚಿಗೆ ಹದಿನಾರು ಭಾಗ ಅಂತ ಇಟ್ಕೊ. 2-4 ಅಂದ್ರೆ ಎರಡೂಕಾಲು ಇಂಚು, 2-8 ಅಂದ್ರೆ ಎರಡೂವರೆ, 2-12 ಅಂದ್ರೆ ಎರಡೂಮುಕ್ಕಾಲು. ನಾವು ಬರೆಯೋದು 2-6 ಅಂತ ಗೀಟು ಹಾಕಿ, ಈ ಆನ್‌ಲೈನ್ ನೋರು ಚುಕ್ಕಿ ಇಟ್ಟು ಎಲ್ಲಾರ್ ತಲೆ ಕೆಡಿಸವ್ರೆ. ಇನ್ನೊಂದು, ಬಳೆ ಅಳೆಯೋದು ಒಳಗಿಂದ. ಹೊರಗಿಂದ ಅಳೆದ್ರೆ ಬಳೆ ದಪ್ಪಾನೂ ಸೇರ್ಕೊತದೆ, ಕೈ ಓಗೋದು ಒಳಗಡೆ ಅಲ್ವಾ.

ಲೇತ್_ಹೆಬ್ಬಾಳ್_ಇಂಡಸ್ಟ್ರಿಯಲ್
ಮೇಡಂ ಹೇಳಿದ್ದೇ ಸರಿ. ಲೆಕ್ಕ ಹಾಕಿ ನೋಡಿ: 6/16 ಅಂದ್ರೆ 0.375, ಸೇರಿಸಿದ್ರೆ 2.375 ಇಂಚು, ಇಂಟು 25.4 = 60.3 ಎಂಎಂ. ಕಿಟ್ಟಿ ಅವ್ರದ್ದು ಸಖತ್ ಕಾಕತಾಳೀಯ ಕಣ್ರೀ, ಒಳಗಡೆ 60, ಎರಡೂ ಕಡೆ ಮೂರು ಮೂರು ಎಂಎಂ ದಪ್ಪ ಸೇರಿ ಹೊರಗಡೆ 66 ಬಂದಿದೆ, ಅತ್ಲಾಗೆ 2.6 ಇಂಚು ಅಂದ್ಕೊಂಡು ಗುಣಿಸಿದ್ರೂ 66.04. ಎರಡು ಬೇರೆ ಬೇರೆ ದಾರೀಲಿ ಒಂದೇ ನಂಬರ್ ಬಂದ್ರೆ ಯಾರಾದ್ರೂ ನಂಬ್ತಾರೆ. ತೆಳ್ಳನೆ ಬಳೆ ಇಟ್ಟು ಅಳೆದಿದ್ರೆ 63, 64 ಬಂದು ಅಲ್ಲೇ ಡೌಟ್ ಬಂದಿರೋದು.

ವರ್ಕ್‌ಶಾಪಲ್ಲಿ ಡಯಾ ಅಂತ ಬರೀ ನಂಬರ್ ಹೇಳ್ಕೊಂಡು ಬಂದೋರಿಗೆ ನಾವು ಮೊದಲು ಕೇಳೋದು ಐಡಿನಾ ಓಡಿನಾ ಅಂತ, ಅಂದ್ರೆ ಒಳಗಿನದಾ ಹೊರಗಿನದಾ. ಅದು ಗೊತ್ತಾಗೋ ತನಕ ಮೆಷಿನ್ ಆನ್ ಮಾಡಲ್ಲ.

ಕೋಡ್_ಬರೆಯೋ_ಮೈಸೂರಿಗ
ಅಂದ್ರೆ 2.10 ಸೈಜು 2.8ಕ್ಕಿಂತ ದೊಡ್ಡದಾ???

ಬಳೆ_ಅಂಗಡಿ_ಮಂಡ್ಯ
ಹೂಂ ಮತ್ತೆ. 2-8 ಆದ್ಮೇಲೆ 2-10.

ಕೋಡ್_ಬರೆಯೋ_ಮೈಸೂರಿಗ
ಅಯ್ಯೋ ಶಿವನೇ. ಈಗ ಅರ್ಥ ಆಯ್ತು ಎಷ್ಟೋ ಸೈಟಲ್ಲಿ ಸೈಜ್ ಲಿಸ್ಟು 2.10, 2.2, 2.4 ಅಂತ ಉಲ್ಟಾ ಪಲ್ಟಾ ಯಾಕಿರುತ್ತೆ ಅಂತ. ಕಂಪ್ಯೂಟರ್ ಪಾಪ ಅದನ್ನ ದಶಮಾಂಶ ಅಂದ್ಕೊಂಡು ಸಾಲಲ್ಲಿ ನಿಲ್ಸುತ್ತೆ. ಎಕ್ಸೆಲಲ್ಲಿ 2.10 ಅಂತ ಟೈಪ್ ಮಾಡಿದ್ರೆ ಸೊನ್ನೆ ತಿಂದು 2.1 ಮಾಡ್ಬಿಡುತ್ತೆ, ಸರಿ ಗೀಟೇ ಹಾಕೋಣ ಅಂತ 2-10 ಅಂದ್ರೆ ಅದನ್ನ ತಾರೀಕು ಮಾಡುತ್ತೆ, ಅಕ್ಟೋಬರ್ 2 ಅಂತಾನೋ ಫೆಬ್ರವರಿ 10 ಅಂತಾನೋ. ಬಳೆ ವ್ಯಾಪಾರ ಮಾಡೋರು ಆ ಕಾಲಮ್ಮನ್ನ ಮೊದಲೇ ಟೆಕ್ಸ್ಟ್ ಅಂತ ಇಟ್ಕೊಳ್ಳೋದು ಒಳ್ಳೇದು.

ಫಿಸಿಕ್ಸ್_ಮೇಷ್ಟ್ರು_ಸರಸ್ವತಿಪುರಂ
ತುಂಬಾ ಒಳ್ಳೆ ಚರ್ಚೆ. ಕಿಟ್ಟಿ ಅವರೇ, ಬಳೆ ಅಳೆಯೋದಕ್ಕಿಂತ ಕೈ ಅಳೆಯೋದು ವಾಸಿ. ಹೆಬ್ಬೆರಳನ್ನ ಅಂಗೈ ಒಳಗೆ ಮಡಚಿ ಕಿರುಬೆರಳಿನ ಬುಡಕ್ಕೆ ತಾಗಿಸಿ, ಬಳೆ ಹಾಕ್ಕೋವಾಗ ಕೈ ಹೇಗೆ ಮುದುರ್ತಾರೋ ಹಾಗೆ. ಬೆರಳ ಗೆಣ್ಣುಗಳ ಹತ್ರ ಕೈ ಅತೀ ಅಗಲ ಇರೋ ಜಾಗದಲ್ಲಿ ಒಂದು ಪೇಪರ್ ಪಟ್ಟಿ ಸುತ್ತಿ, ಸೇರೋ ಕಡೆ ಪೆನ್ನಲ್ಲಿ ಗೆರೆ ಹಾಕಿ, ಬಿಡಿಸಿ ಸ್ಕೇಲ್ ಮೇಲೆ ಇಡಿ. ಬಂದ ಉದ್ದವನ್ನ 3.14ರಿಂದ ಭಾಗಿಸಿದ್ರೆ ವ್ಯಾಸ.

ಇದರಲ್ಲಿ ಒಂದು ಮಜಾ ಇದೆ. ಬಳೆ ಸೈಜುಗಳ ಸುತ್ತಳತೆ ಲೆಕ್ಕ ಹಾಕಿದ್ರೆ 2-4ಕ್ಕೆ 179.5 ಎಂಎಂ, 2-6ಕ್ಕೆ 189.5, 2-8ಕ್ಕೆ 199.5, 2-10ಕ್ಕೆ 209.5 ಬರುತ್ತೆ. ಒಂದು ಸೈಜಿಂದ ಇನ್ನೊಂದಕ್ಕೆ ವ್ಯಾಸ ಇಂಚಿನ ಎಂಟನೇ ಒಂದು ಭಾಗ ಅಂದ್ರೆ 3.175 ಎಂಎಂ ಏರುತ್ತೆ, ಅದನ್ನ 3.14ರಿಂದ ಗುಣಿಸಿದ್ರೆ ಹೆಚ್ಚೂಕಮ್ಮಿ 10 ಎಂಎಂ. ಹಾಗಾಗಿ ಭಾಗಾಕಾರವೇ ಬೇಡ. ಪಟ್ಟಿ 17 ಸೆಂಟಿಮೀಟರ್ ಬಂದ್ರೆ 2-2, 18 ಬಂದ್ರೆ 2-4, 19 ಬಂದ್ರೆ 2-6, 20ಕ್ಕೆ 2-8, 21ಕ್ಕೆ 2-10. ಮಧ್ಯದಲ್ಲಿ ಬಂದ್ರೆ ಮೇಲಿನ ಸೈಜ್ ತಗೊಳ್ಳಿ, ಗಾಜು ಬಗ್ಗಲ್ಲ.

ವಿಜಯನಗರ_ಸ್ಟೇಜ್2
17 18 19 20 ಇದನ್ನ ಸ್ಕ್ರೀನ್‌ಶಾಟ್ ತಗೊಂಡು ಫ್ಯಾಮಿಲಿ ಗ್ರೂಪಿಗೆ ಹಾಕಿದೀನಿ ಸಾರ್, ಇಷ್ಟು ದಿನ ಯಾರೂ ಹೇಳಿರ್ಲಿಲ್ಲ

ಪ್ರಶ್ನೆ_ಪುಟ್ಟಣ್ಣ
ಮೇಷ್ಟ್ರೇ ದಾರದಲ್ಲಿ ಸುತ್ತಿದ್ರೆ ಆಗಲ್ವಾ, ಪೇಪರೇ ಯಾಕೆ. ಮತ್ತೆ 3.14 ಹಾಕ್ಬೇಕಾ 22/7 ಹಾಕ್ಬೇಕಾ, ನಮ್ಗೆ ಸ್ಕೂಲಲ್ಲಿ 22/7 ಅಂತಾನೇ ಹೇಳ್ಕೊಟ್ಟಿದ್ದು

ಫಿಸಿಕ್ಸ್_ಮೇಷ್ಟ್ರು_ಸರಸ್ವತಿಪುರಂ
ದಾರ ಎಳೆದ್ರೆ ಹಿಗ್ಗುತ್ತೆ, ಉಲ್ಲನ್ ದಾರ ಆದ್ರಂತೂ ನಿಮ್ಮ ಇಷ್ಟಕ್ಕೆ ಬೇಕಾದಷ್ಟು ಉದ್ದ ಬರುತ್ತೆ. ಓರೆಯಾಗಿ ಸುತ್ತಿಕೊಂಡ್ರೂ ಗೊತ್ತಾಗಲ್ಲ. ಪೇಪರ್ ಪಟ್ಟಿ ಅಂಚಿಗೆ ಅಂಚು ಕೂರುತ್ತೆ, ಓರೆಯಾದ್ರೆ ತಕ್ಷಣ ಕಾಣುತ್ತೆ. 22/7 ಹಾಕಿ, 3.14 ಹಾಕಿ, 3.1416 ಹಾಕಿ, ಬಳೆ ವ್ಯಾಸದಲ್ಲಿ ಆಗೋ ವ್ಯತ್ಯಾಸ 0.1 ಎಂಎಂ ಒಳಗೆ, ನಿಮ್ಮ ಪೆನ್ನಿನ ಗೆರೇನೇ ಅದಕ್ಕಿಂತ ದಪ್ಪ ಇರುತ್ತೆ. ಸುತ್ತಳತೆ ತಗೊಳ್ಳೋದ್ರಲ್ಲಿ ಇನ್ನೊಂದು ಲಾಭ, ಸ್ಕೇಲಲ್ಲಿ 1 ಎಂಎಂ ಆಚೀಚೆ ಓದಿದ್ರೂ ಭಾಗಿಸಿದಾಗ ವ್ಯಾಸದಲ್ಲಿ ಅದು 0.3 ಎಂಎಂ ಮಾತ್ರ. ನೇರವಾಗಿ ವ್ಯಾಸ ಓದೋವಾಗ ಆದ 1 ಎಂಎಂ ಎಡವಟ್ಟು ಪೂರ್ತಿ 1 ಎಂಎಂ ಆಗೇ ಉಳಿಯುತ್ತೆ.

ಲೇತ್_ಹೆಬ್ಬಾಳ್_ಇಂಡಸ್ಟ್ರಿಯಲ್
ಮೇಷ್ಟ್ರ ಮಾತಿಗೆ ಒಂದು ಸೇರಿಸ್ತೀನಿ. ಬಳೆ ಗುಂಡಗಿದೆ ಅಂತ ನಾವು ಅಂದ್ಕೊಂಡಿದೀವಿ ಅಷ್ಟೇ. ಫಿರೋಜಾಬಾದಲ್ಲಿ ಗಾಜಿನ ಬಳೆ ಮಾಡೋದು ಬಿಸಿ ಗಾಜಿನ ಎಳೆಯನ್ನ ತಿರುಗೋ ಸರಳಿನ ಮೇಲೆ ಸ್ಪ್ರಿಂಗ್ ಥರ ಸುತ್ತಿ, ಉದ್ದಕ್ಕೆ ಗೀರಿ ಬಿಡಿ ಬಿಡಿ ಮಾಡಿ, ಆಮೇಲೆ ತುದಿಗಳನ್ನ ಬೆಂಕೀಲಿ ಬೆಸೆದು. ಬೆಸುಗೆ ಹತ್ರ ಒಂಚೂರು ಓರೆಕೋರೆ ಇದ್ದೇ ಇರುತ್ತೆ. ವರ್ನಿಯರಲ್ಲಿ (ಕೊಕ್ಕಲ್ಲಿ ಹಿಡಿದು ಎಂಎಂ ಓದೋ ಅಳತೆ ಸಾಧನ) ಒಂದೇ ಕಡೆ ಹಿಡಿದು ಓದಿ ಮುಗಿಸ್ಬೇಡಿ, ತಿರುಗಿಸಿ ತಿರುಗಿಸಿ ಮೂರು ಕಡೆ ಓದಿ, ಕೈಗೆ ಹಾಕೋ ವಸ್ತು ಆದ್ರಿಂದ ಕಮ್ಮಿ ಬಂದಿದ್ದನ್ನ ಲೆಕ್ಕಕ್ಕೆ ತಗೊಳ್ಳಿ.

ಒಳಗಡೆ ಅಳೆಯೋಕೆ ವರ್ನಿಯರಿನ ಮೇಲ್ಗಡೆ ಇರೋ ಸಣ್ಣ ಕೊಕ್ಕು ಬಳಸ್ಬೇಕು. ಅದನ್ನ ಒಳಗೆ ಬಿಟ್ಟು ಅಗಲಿಸಿ, ಸ್ವಲ್ಪ ಆಚೀಚೆ ಅಲ್ಲಾಡಿಸಿದಾಗ ಅತಿ ದೊಡ್ಡದಾಗಿ ಬರೋ ರೀಡಿಂಗೇ ವ್ಯಾಸ, ಯಾಕಂದ್ರೆ ನಡುವಿಂದ ಸ್ವಲ್ಪ ಸರಿದ್ರೂ ಚಿಕ್ಕದು ಬರುತ್ತೆ. ಆದ್ರೆ 4, 5 ಎಂಎಂ ಸಣ್ಣ ತೂತಿಗೆ ಈ ಕೊಕ್ಕು ಬೇಡ. ಕೊಕ್ಕಿನ ತುದಿ ಚಪ್ಪಟೆ, ತೂತು ಗುಂಡು, ಹಂಗಾಗಿ ಯಾವಾಗ್ಲೂ ಕಮ್ಮಿನೇ ತೋರ್ಸುತ್ತೆ. ಅದಕ್ಕೆ ನಾವು ಡ್ರಿಲ್ ಬಿಟ್ ಹಿಂಭಾಗ ಬಿಟ್ಟು ನೋಡ್ತೀವಿ, 5 ಹೋಗುತ್ತೆ 5.5 ಹೋಗಲ್ಲ ಅಂದ್ರೆ ತೂತು ಆ ಮಧ್ಯದಲ್ಲಿದೆ. ಮತ್ತೆ ಶುರು ಮಾಡೋ ಮುಂಚೆ ಕೊಕ್ಕು ಮುಚ್ಚಿ ಸೊನ್ನೆ ತೋರಿಸ್ತಿದ್ಯಾ ನೋಡ್ಕೊಳ್ಳಿ, ಬೀಳಿಸಿರೋ ವರ್ನಿಯರ್ ಮುಚ್ಚಿದಾಗ್ಲೇ 0.1 ಅನ್ನುತ್ತೆ.

ಎಟಿಎಂ_ಕಾರ್ಡ್_ರಂಗ
ವರ್ನಿಯರ್ ಯಾರ ಮನೇಲಿರುತ್ತೆ ಗುರು. ಎಟಿಎಂ ಕಾರ್ಡ್ ತಗೋ. ಎಲ್ಲಾ ಬ್ಯಾಂಕಿಂದೂ ಒಂದೇ ಅಳತೆ, ಉದ್ದ 85.60 ಎಂಎಂ, ಅಗಲ 53.98 ಎಂಎಂ, ದಪ್ಪ 0.76. ಈಗ 2-2 ಬಳೆ ಡಯಾ ಎಷ್ಟು? ಎರಡು ಇಂಚು ಮೇಲೆ ಎರಡು ಬೈ ಹದಿನಾರು, 53.975 ಎಂಎಂ. ಅಂದ್ರೆ ಕಾರ್ಡಿನ ಅಗಲ ಅಂದ್ರೆ 2-2 ಬಳೆನೇ! ಕಾರ್ಡನ್ನ ಬಳೆ ಮೇಲೆ ಇಟ್ಟು ನೋಡಿ, ಅಗಲ ಕರೆಕ್ಟಾಗಿ ಒಳ ಅಂಚಿಗೆ ಕೂತ್ರೆ 2-2. ಒಂದು ಪಕ್ಕ 3 ಎಂಎಂ ಚಿಲ್ಲರೆ ಸಂದಿ ಉಳಿದ್ರೆ 2-4, ಆರು ಚಿಲ್ಲರೆ ಉಳಿದ್ರೆ 2-6. ನಾಲ್ಕು ಕಾರ್ಡ್ ಒಂದರ ಮೇಲೊಂದು ಇಟ್ರೆ 3 ಎಂಎಂ ಆಗುತ್ತೆ, ಸಂದೀನೂ ಅದ್ರಲ್ಲೇ ನೋಡ್ಬೋದು.

ವಿಜಯನಗರ_ಸ್ಟೇಜ್2
ನಾಲ್ಕು ಕಾರ್ಡ್ ಇರೋನು ಚಿನ್ನದ ಬಳೆನೇ ತಗೋತಾನೆ ಬಿಡಿ

ಕೋಡ್_ಬರೆಯೋ_ಮೈಸೂರಿಗ
ರಂಗ ಅವ್ರ ಐಡಿಯಾ ಇನ್ನೊಂದಕ್ಕೂ ಬರುತ್ತೆ. ಕೆಲವು ಸೈಟಲ್ಲಿ ಬಳೆ ವೃತ್ತಗಳನ್ನ ಪ್ರಿಂಟ್ ತೆಗೆದು ಮೇಲೆ ಬಳೆ ಇಟ್ಟು ನೋಡಿ ಅಂತ ಪಿಡಿಎಫ್ ಕೊಡ್ತಾರಲ್ಲ, ಝೆರಾಕ್ಸ್ ಅಂಗಡೀಲಿ ಪ್ರಿಂಟ್ ಕೊಟ್ರೆ ಪೇಜಿಗೆ ಹೊಂದಿಸು ಅನ್ನೋ ಆಪ್ಷನ್ ಆನ್ ಆಗಿದ್ದು ಎಲ್ಲಾ ಸ್ವಲ್ಪ ಚಿಕ್ಕದಾಗಿ ಬಂದಿರುತ್ತೆ. ನೂರು ಪರ್ಸೆಂಟಲ್ಲಿ ಪ್ರಿಂಟ್ ಹಾಕಿ ಅಂತ ಹೇಳ್ಬೇಕು. ಐದು ಪರ್ಸೆಂಟ್ ಕುಗ್ಗಿದ್ರೆ 60 ಎಂಎಂ ವೃತ್ತ 57 ಆಗೋಗುತ್ತೆ, ಪೂರ್ತಿ ಒಂದು ಸೈಜ್ ವ್ಯತ್ಯಾಸ. ಬಂದಿರೋ ಪ್ರಿಂಟಲ್ಲಿ ಒಂದು ಗೆರೆ ಉದ್ದ ಕೊಟ್ಟಿದ್ರೆ ಅದನ್ನ ಮೊದ್ಲು ಸ್ಕೇಲಲ್ಲಿ ನೋಡಿ. ಮೊಬೈಲ್ ಸ್ಕ್ರೀನ್ ಮೇಲೆ ಬಳೆ ಇಟ್ಟು ಅಳೆಯೋ ಆಪ್‌ಗಳೂ ಇವೆ, ಅವೂ ಮೊದಲು ಕಾರ್ಡ್ ಇಟ್ಟು ಗೆರೆ ಸರಿ ಮಾಡಿ ಅಂತಾನೇ ಕೇಳೋದು.

ನಾಣ್ಯ_ಸಂಗ್ರಹ_ಶ್ರೀರಂಗಪಟ್ಣ
ಕಾರ್ಡ್ ಸರಿ. ಆದ್ರೆ ಜನ ಫೋಟೋದಲ್ಲಿ ಅಳತೆ ಗೊತ್ತಾಗ್ಲಿ ಅಂತ ಪಕ್ಕದಲ್ಲಿ ಒಂದು ರೂಪಾಯಿ ಕಾಯಿನ್ ಇಡ್ತಾರಲ್ಲ, ಅದನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ಯಾವ ರೂಪಾಯಿ ಸ್ವಾಮಿ? 1992ರಿಂದ ಬಂದ ಸ್ಟೀಲ್ ಒಂದು ರೂಪಾಯಿ 25 ಎಂಎಂ. 2011ರ ಸರಣೀದು 22 ಎಂಎಂ. 2019ರ ಸರಣೀದು 20 ಎಂಎಂ. ಮೂರೂ ಒಂದೇ ರೂಪಾಯಿ, ಮೂರೂ ಜೇಬಲ್ಲಿ ಒಟ್ಟಿಗೇ ಸಿಗ್ತವೆ. ಎರಡು ರೂಪಾಯಿ ಇನ್ನೂ ಗೋಜಲು, 2011ರದ್ದು 25, 2019ರದ್ದು 23. ಐದು ರೂಪಾಯಿ 2011ರದ್ದು 23, 2019ರದ್ದು 25, ಅಂದ್ರೆ ಎರಡೂ ಐದೂ ಜಾಗ ಅದಲು ಬದಲು ಮಾಡ್ಕೊಂಡಿವೆ. 25 ಎಂಎಂ ಅಂದ್ಕೊಂಡು 20 ಎಂಎಂ ಕಾಯಿನ್ ಇಟ್ರೆ ಎಲ್ಲಾ ಅಳತೆನೂ ಕಾಲು ಪಾಲು ಉಬ್ಬುತ್ತೆ.

ಇಡಲೇಬೇಕು ಅಂದ್ರೆ ಎರಡು ಲೋಹದ ಹತ್ತು ರೂಪಾಯಿ ಇಡಿ, ಮೇಲಿನ ಚಿತ್ರ ಎಷ್ಟು ಸಲ ಬದಲಾದ್ರೂ ಅದು 27 ಎಂಎಂ ಆಗೇ ಉಳಿದಿದೆ. ಇಪ್ಪತ್ತು ರೂಪಾಯೀನೂ 27 ಅಂತಾರೆ, ಆದ್ರೆ ಅದು ಹನ್ನೆರಡು ಮೂಲೆದು, ಮೂಲೆಯಿಂದ ಮೂಲೆಗೂ ಚಪ್ಪಟೆಯಿಂದ ಚಪ್ಪಟೆಗೂ ಒಂದೇ ಬರಲ್ಲ, ಬೇಡ.

ಪ್ರಶ್ನೆ_ಪುಟ್ಟಣ್ಣ
ಎಲ್ಲಾದ್ರೂ ಕಾಯಿನ್ ಮೇಲೆ ಎಂಎಂ ಬರೆದಿರ್ತಾರಾ? ಇಷ್ಟೆಲ್ಲಾ ಯಾರ್ ನೆನಪಿಟ್ಕೊತಾರೆ

ನಾಣ್ಯ_ಸಂಗ್ರಹ_ಶ್ರೀರಂಗಪಟ್ಣ
ಇಸವಿ ಬರೆದಿರ್ತಾರಲ್ಲ ಅಣ್ಣ. ಇಸವಿ ನೋಡಿ.

ಕುವೆಂಪುನಗರ_ಕಿಟ್ಟಿ
ಎಲ್ಲರಿಗೂ ಥ್ಯಾಂಕ್ಸ್. ಕಾರ್ಡ್ ಇಟ್ಟು ನೋಡ್ದೆ, ಪಕ್ಕದಲ್ಲಿ 6 ಎಂಎಂ ಸಂದಿ ಉಳೀತು, 2-6 ಪಕ್ಕಾ. ಪೇಪರ್ ಪಟ್ಟಿಯಲ್ಲಿ ಅಕ್ಕನ ಕೈ ಅಳೆದ್ರೆ ಮಾತ್ರ 19.4 ಬರ್ತಿದೆ. ಏಳನೇ ತಿಂಗಳು, ಕೈ ಕಾಲು ಸ್ವಲ್ಪ ಊದಿದೆ. 2-6 ತಗೊಳ್ಳೋದಾ 2-8ಆ?

ಬಳೆ_ಅಂಗಡಿ_ಮಂಡ್ಯ
2-8 ತಗೊ ತಮ್ಮ, ಎರಡ್ ಮಾತಿಲ್ಲ. ಬಸುರಿ ಹೆಂಗಸ್ರ ಕೈಗೆ ಗಾಜಿನ ಬಳೆ ಬಿಗಿಯಾಗಿ ತುರುಕಬಾರ್ದು, ಒಡೆದ್ರೆ ಕೈ ಕುಯ್ತದೆ, ಶಾಸ್ತ್ರದ ದಿನ ಬಳೆ ಒಡೆದ್ರೆ ಮನೇಲಿ ದೊಡ್ಡೋರು ಸುಮ್ನಿರ್ತಾರಾ. ದೊಡ್ಡ ಸೈಜು ಸ್ವಲ್ಪ ಸಡಿಲ ಆದ್ರೂ ಡಜನ್ ಹಾಕ್ದಾಗ ಒಂದಕ್ಕೊಂದು ಒತ್ಕೊಂಡು ನಿಲ್ತವೆ. ಊತ ಬೆಳಿಗ್ಗೆ ಕಮ್ಮಿ, ಸಂಜೆಗೆ ಜಾಸ್ತಿ ಇರ್ತದೆ, ಸಂಜೆ ಹೊತ್ತೇ ಅಳೆದು ನೋಡು. ಊತ ತುಂಬಾ ಇದ್ರೆ ಬಳೆ ಇರ್ಲಿ, ಮೊದ್ಲು ಡಾಕ್ಟ್ರಿಗೆ ತೋರ್ಸಿ.

ಅಶೋಕ_ರಸ್ತೆ_ಅಕ್ಕಸಾಲಿ
ಬಳೆ ಆಯ್ತು, ಉಂಗುರದ ವಿಷ್ಯಾನೂ ಹೇಳ್ಬಿಡ್ತೀನಿ ಯಾಕಂದ್ರೆ ವಾರಕ್ಕೊಬ್ರಾದ್ರೂ ಆನ್‌ಲೈನಲ್ಲಿ ತರಿಸಿ ದೊಡ್ಡದಾಯ್ತು ಚಿಕ್ಕದಾಯ್ತು ಅಂತ ಹೊತ್ಕೊಂಡು ಬರ್ತಾರೆ. ಉಂಗುರದಲ್ಲಿ ನಮ್ಮ ಇಂಡಿಯನ್ ಸೈಜ್ ನಂಬರಿಗೆ ಸುಮಾರಾಗಿ 40 ಸೇರಿಸಿದ್ರೆ ಒಳಗಿನ ಸುತ್ತಳತೆ ಎಂಎಂನಲ್ಲಿ ಸಿಗುತ್ತೆ. 12 ಅಂದ್ರೆ ಸುತ್ತಳತೆ 52, ಡಯಾ 16.5. 16 ಅಂದ್ರೆ ಸುತ್ತಳತೆ 56, ಡಯಾ 17.8. ಒಂದು ನಂಬರ್ ಮೇಲಕ್ಕೆ ಹೋದ್ರೆ ಡಯಾ 0.3 ಎಂಎಂ ಅಷ್ಟೇ ಏರೋದು. ಇದನ್ನ ಸ್ಕೂಲ್ ಸ್ಕೇಲಲ್ಲಿ ಅಡ್ಡಡ್ಡ ಇಟ್ಟು ಓದ್ತೀನಿ ಅಂದ್ರೆ ಮೂರು ನಂಬರ್ ಆಚೀಚೆ ಆಗುತ್ತೆ. ಅಮೆರಿಕದ ನಂಬರೇ ಬೇರೆ, ಅವರದ್ದು 6 ಅಂದ್ರೆ ನಮ್ಮ 12ರ ಹತ್ರ. ನಿಮ್ಮ ತಮ್ಮ ಅಲ್ಲಿಂದ ಫೋನ್ ಮಾಡಿ ಸೈಜ್ ಆರು ಅಂದ್ರೆ ಇಲ್ಲಿ ಆರು ಮಾಡಿಸಬೇಡಿ, ಮಗೂಗೆ ಹಾಕ್ಬೇಕಾಗುತ್ತೆ.

ಅಗಲದ ಉಂಗುರ ಆದ್ರೆ ಅದೇ ಡಯಾ ಇದ್ರೂ ಬಿಗಿ ಅನ್ಸುತ್ತೆ, ಒಂದು ನಂಬರ್ ಜಾಸ್ತಿ ಇಡ್ತೀವಿ. ಅಂಗಡಿಗೆ ಬಂದು ನಂಬರ್ ಹಾಕಿರೋ ಉಂಗುರದ ಗೊಂಚಲಲ್ಲಿ ಹಾಕಿ ನೋಡೋದಕ್ಕೆ ದುಡ್ಡೇನೂ ಕೇಳಲ್ಲ ಯಾರೂ.

ಗಂಧದ_ಮಾಲೆ_ಪ್ರಿಯೆ
ನಂದೂ ಒಂದು. ಶ್ರೀಗಂಧದ 108 ಮಣಿ ಜಪಮಾಲೆ ತಗೊಂಡೆ, 8 ಎಂಎಂ ಮಣಿ ಅಂತ ಬರೆದಿತ್ತು. ಇಂಟು ಮಾಡಿದ್ರೆ 864 ಎಂಎಂ ಬರ್ಬೇಕು ತಾನೇ, ನಾನು ಬಿಚ್ಚಿ ಉದ್ದಕ್ಕೆ ಇಟ್ಟು ಅಳೆದ್ರೆ 80 ಸೆಂಟಿಮೀಟರೂ ಇಲ್ಲ. ಮೋಸ ಅಲ್ವಾ ಇದು?

ಫಿಸಿಕ್ಸ್_ಮೇಷ್ಟ್ರು_ಸರಸ್ವತಿಪುರಂ
ಮೋಸ ಅಂತ ಈಗಲೇ ಹೇಳೋಕಾಗಲ್ಲ ಮೇಡಂ. ಮಣಿಗೆ ತೂತು ಕೊರೆದ ಕಡೆ ಎರಡೂ ಬದಿ ಸ್ವಲ್ಪ ಚಪ್ಪಟೆ ಆಗಿರುತ್ತೆ, ಹಾಗಾಗಿ ದಾರದ ಉದ್ದಕ್ಕೆ ಮಣಿ 7.4 ಇದ್ರೂ ಅಡ್ಡಕ್ಕೆ 8 ಇರಬಹುದು. ಮಣಿ ಸೈಜ್ ಅಂತ ಹೇಳೋದು ಅಡ್ಡದ್ದು, ತೂತಿಗೆ ಲಂಬವಾಗಿ. ದಪ್ಪ ಪುಸ್ತಕ ಒಂದನ್ನ ನಡುವಿಗೆ ತೆರೆದಿಟ್ಟು ಆ ಕಣಿವೇಲಿ ಹತ್ತು ಬಿಡಿ ಮಣಿ ಸಾಲಾಗಿ ಕೂರಿಸಿ, ತೂತುಗಳು ಎದುರುಬದುರು ಬರದ ಹಾಗೆ ತಿರುಗಿಸಿಟ್ಟು, ಒಟ್ಟು ಉದ್ದವನ್ನ ಹತ್ತರಿಂದ ಭಾಗಿಸಿ. ಸ್ಕೇಲಲ್ಲಿ ಅರ್ಧ ಎಂಎಂ ಆಚೀಚೆ ಆದ್ರೂ ಒಂದು ಮಣಿಗೆ 0.05 ಮಾತ್ರ. ಸಾಸಿವೆ ಕಾಳನ್ನೂ ಹೀಗೇ ಅಳೀಬಹುದು, ಅಲ್ಲಿ ಹತ್ತರ ಬದಲು ಐವತ್ತು ಇಡಬೇಕು, ತಾಳ್ಮೆ ಇದ್ರೆ.

ಗದ್ದೆ_ಪಾಂಡವಪುರ
ಇಲ್ಲಿ ಗೊತ್ತಿರೋರು ಅವ್ರೆ ಅಂತ ಕೇಳ್ತೀನಿ. ಕಬ್ಬಿಗೆ ಡ್ರಿಪ್ ಆಕ್ಸಿವ್ನಿ. ಹೊಲದಲ್ಲಿ ಒಂದಿಂಚು ಪೈಪದೆ, ಮನೆ ಟ್ಯಾಂಕಿಂದ ಒಂದಿಂಚು ಪೈಪ್ ಬತ್ತದೆ, ಎರಡೂ ಪಿವಿಸಿ. ಕಪ್ಲಿಂಗ್ ತಂದ್ರೆ ಒಂದು ಕಡೆ ಸಲೀಸಾಗಿ ಓಯ್ತದೆ, ಇನ್ನೊಂದು ಕಡೆ ಬಾಯೇ ಒಳಗೋಗಲ್ಲ. ಒಂದಿಂಚು ಅಂದ್ರೆ ಒಂದಿಂಚು ಅಲ್ವಾ ಸಾ? ಅಂಗಡಿಯವ್ನು ಬಿಸಿ ಮಾಡಿ ತುರುಕಿ ಅಂತವ್ನೆ.

ಲೇತ್_ಹೆಬ್ಬಾಳ್_ಇಂಡಸ್ಟ್ರಿಯಲ್
ಬಿಸಿ ಮಾಡಿ ತುರುಕ್ಬೇಡಿ ಅಣ್ಣ, ಪ್ರೆಷರ್ ಬಂದಾಗ ಅಲ್ಲೇ ಕಿತ್ಕೊಳ್ಳುತ್ತೆ. ಒಂದಿಂಚು ಅನ್ನೋದು ಬರೀ ಕರೆಯೋ ಹೆಸರು, ಪೈಪಿನ ಯಾವ ಕಡೆ ಅಳೆದ್ರೂ ಒಂದಿಂಚು ಅಂದ್ರೆ 25.4 ಸರಿಯಾಗಿ ಬರಲ್ಲ. ಹೊಲಕ್ಕೆ ಹಾಕೋ ಪಿವಿಸಿ ಎಂಎಂ ಲೆಕ್ಕದ್ದು, ಹೊರಗಿನ ಡಯಾ 32. ಮನೆ ಪ್ಲಂಬಿಂಗಿಗೆ ಬರೋ ಬಿಳಿ ಯುಪಿವಿಸಿ, ಥ್ರೆಡ್ ಹಾಕೋ ಶೆಡ್ಯೂಲ್ 40, 80 ಅಂತ ಬರೆದಿರೋದು, ಅಮೆರಿಕದ ಅಳತೇದು, ಅದರ ಹೊರಗಿನ ಡಯಾ 33.4. ಬಿಸಿನೀರಿನ ಸಿಪಿವಿಸಿ ಆದ್ರೆ ಇನ್ನೂ ಬೇರೆ, ಒಂದಿಂಚಿಂದು 28.6. ಮೂರೂ ಒಂದಿಂಚು, ಒಂದಕ್ಕೊಂದು ಸೇರಲ್ಲ. ಎರಡು ಕಡೇನೂ ಅದರದರ ಥ್ರೆಡ್ ಅಡಾಪ್ಟರ್ ಹಾಕಿ ಮಧ್ಯೆ ಥ್ರೆಡ್ಡಲ್ಲಿ ಸೇರಿಸಿ, ಥ್ರೆಡ್ ಎಲ್ಲದಕ್ಕೂ ಒಂದೇ.

ಪೈಪಿಗೆ ವರ್ನಿಯರ್ ಬೇಡ, ಪೇಪರ್ ಪಟ್ಟಿ ಸುತ್ತಿ. 32ರದ್ದು ಸುತ್ತಳತೆ 100.5 ಎಂಎಂ, 33.4ರದ್ದು 105. ನಿಮ್ಮ ಸ್ಕೇಲಲ್ಲೇ ಗೊತ್ತಾಗುತ್ತೆ. ಹೊಲದ ಪೈಪಲ್ಲಿ ಮುಕ್ಕಾಲಿಂಚು ಅಂದ್ರೆ 25, ಒಂದೂವರೆ ಅಂದ್ರೆ 50, ಎರಡಿಂಚು ಅಂದ್ರೆ 63, ಮೂರಿಂಚು 90, ನಾಲ್ಕಿಂಚು 110. ಡ್ರಿಪ್ ಲ್ಯಾಟರಲ್, ಅಂದ್ರೆ ಸಾಲಿನುದ್ದಕ್ಕೆ ಹಾಕೋ ಸಣ್ಣ ಪೈಪು, 16 ಎಂಎಂ ಅಂತ ಬರೆದಿರೋದೂ ಹೊರಗಿನದೇ, ಒಳಗೆ ನೀರು ಹೋಗೋ ಜಾಗ ಗೋಡೆ ದಪ್ಪ ಕಳೆದು ಉಳಿದಷ್ಟು.

ಗದ್ದೆ_ಪಾಂಡವಪುರ
ಬೋ ಸಂತೋಷ ಸಾ. ಸುತ್ತಿ ನೋಡ್ದೆ, ಒಂದು 100, ಇನ್ನೊಂದು 105. ನೀವೇಳಿದ್ದೇ ಸರಿ. ಅಂಗಡಿಯವ್ನಿಗೂ ತೋರುಸ್ತೀನಿ.

ಮೋಟಾರ್_ವೈಂಡಿಂಗ್_ಮದ್ದೂರು
ಪೈಪಲ್ಲಿ ಹೆಸರು ಸುಳ್ಳು ಹೇಳಿದ್ರೆ ನಮ್ಮ ತಂತೀಲಿ ನಂಬರೇ ಉಲ್ಟಾ. ಗೇಜ್ ಜಾಸ್ತಿ ಆದಷ್ಟೂ ತಂತಿ ತೆಳ್ಳಗೆ. ಎಸ್‌ಡಬ್ಲ್ಯೂಜಿ (ಸ್ಟ್ಯಾಂಡರ್ಡ್ ವೈರ್ ಗೇಜ್, ತಂತಿ ದಪ್ಪದ ನಂಬರ್) 10 ಅಂದ್ರೆ 3.25 ಎಂಎಂ, 14 ಅಂದ್ರೆ 2.03, 18 ಅಂದ್ರೆ 1.22, 20 ಅಂದ್ರೆ 0.91, 22 ಅಂದ್ರೆ 0.71. ಹೊಸಬ್ರು ಪಂಪ್‌ಸೆಟ್ ಮೋಟಾರ್ ಬಿಚ್ಚಿ ಸುಟ್ಟ ತಂತೀನ ಹಂಗೇ ಮೈಕ್ರೋಮೀಟರಲ್ಲಿ ಹಿಡಿದು ಓದ್ತಾರೆ, ಮೇಲಿನ ಎನಾಮಲ್ ಲೇಪ ಸೇರಿ ದಪ್ಪ ಬರುತ್ತೆ, ಒಂದು ಗೇಜ್ ದಪ್ಪದ್ದು ತಂದು ಸುತ್ತಕ್ಕೋದ್ರೆ ಸ್ಲಾಟಲ್ಲಿ ಜಾಗ ಸಾಲಲ್ಲ. ತುದಿ ಎನಾಮಲ್ ಕೆರೆದು ತಾಮ್ರ ಮಾತ್ರ ಅಳೀಬೇಕು, ಸುಟ್ಟು ಕರಕಲಾಗಿರೋ ಜಾಗ ಬಿಟ್ಟು ಚೆನ್ನಾಗಿರೋ ಕಡೆ. ಮೈಕ್ರೋಮೀಟರ್ ಇಲ್ಲಾಂದ್ರೆ ಕೆರೆದ ತಂತೀನ ಪೆನ್ಸಿಲ್ ಮೇಲೆ ಒತ್ತೊತ್ತಾಗಿ ಇಪ್ಪತ್ತು ಸುತ್ತು ಸುತ್ತಿ ಆ ಅಗಲ ಇಪ್ಪತ್ತರಿಂದ ಭಾಗಿಸಿ, ಮೇಷ್ಟ್ರ ಮಣಿ ಲೆಕ್ಕಾನೇ ಅದು.

ಇನ್ನೊಂದು, ಒಂದು ತಂತಿ ಬದ್ಲು ಎರಡು ತೆಳ್ಳನೇದು ಜೋಡಿಸಿ ಹಾಕೋವಾಗ ಡಯಾ ಅರ್ಧ ಮಾಡಬಾರ್ದು. ಕರೆಂಟ್ ಹರಿಯೋದು ಅಡ್ಡಕೊಯ್ತದ ವಿಸ್ತೀರ್ಣದಲ್ಲಿ. ಡಯಾ ಅರ್ಧ ಆದ್ರೆ ವಿಸ್ತೀರ್ಣ ಕಾಲು ಭಾಗ ಆಗೋಗುತ್ತೆ, ಎರಡು ಹಾಕಿದ್ರೂ ಒಟ್ಟು ಅರ್ಧನೇ, ಮೋಟಾರ್ ಮತ್ತೆ ಸುಡುತ್ತೆ. 1.22ರ ಬದಲು ಎರಡು ಹಾಕ್ಬೇಕು ಅಂದ್ರೆ ಒಂದೊಂದೂ 0.86 ಇರ್ಬೇಕು. 0.7ರಿಂದ ಗುಣಿಸಿ ಅಂತ ನಮ್ಮ ಹುಡುಗ್ರಿಗೆ ಹೇಳ್ಕೊಟ್ಟಿದೀನಿ, ಸಾಕು.

ಕಂಬಿ_ಕೆಲಸ_ಹೂಟಗಳ್ಳಿ
ಕಂಬಿದೂ ಹೇಳ್ಲಾ. ಟಿಎಂಟಿ ಮೇಲೆ ಏಣು ಇರುತ್ತಲ್ಲ, ವರ್ನಿಯರ್ ಹಿಡಿದ್ರೆ ಏಣಿನ ಮೇಲೆ ಒಂದು, ಮಧ್ಯೆ ಒಂದು, ಯಾವ್ದೂ ಸರಿ ಅಲ್ಲ. ಒಂದು ಮೀಟರ್ ಕತ್ತರಿಸಿ ತೂಕ ಹಾಕೋದೇ ದಾರಿ. ಡಯಾನ ಡಯಾದಿಂದ್ಲೇ ಗುಣಿಸಿ 162ರಿಂದ ಭಾಗಿಸಿದ್ರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತೆ, 8ಕ್ಕೆ 0.395, 10ಕ್ಕೆ 0.617, 12ಕ್ಕೆ 0.888, 16ಕ್ಕೆ 1.58. ಕಂಬಿಗೆ ಇರೋ ಭಾರತದ ಸ್ಟ್ಯಾಂಡರ್ಡ್ ಐಎಸ್ 1786 ಪ್ರಕಾರ 10 ಎಂಎಂ ತನಕ ಲಾಟ್ ಲೆಕ್ಕದಲ್ಲಿ 7 ಪರ್ಸೆಂಟ್ ಆಚೀಚೆ ನಡೆಯುತ್ತೆ, ಅದರ ಮೇಲೆ 16ರ ತನಕ 5 ಪರ್ಸೆಂಟ್. 12ರ ಕಂಬಿ ಮೀಟರಿಗೆ 800 ಗ್ರಾಮ್ ಬಂದ್ರೆ ಲೋಡ್ ಇಳಿಸಿಕೊಳ್ಳಬೇಡಿ. ಹಿಂದಿ ಹುಡುಗ್ರು ಇನ್ನೂ ಸೂತ್ ಲೆಕ್ಕ ಹೇಳ್ತಾರೆ, ಇಂಚಲ್ಲಿ ಎಂಟು ಸೂತ್, ಮೂರು ಸೂತ್ ಅಂದ್ರೆ 10ರ ಕಂಬಿ, ನಾಲ್ಕು ಅಂದ್ರೆ 12, ಐದು ಅಂದ್ರೆ 16. ನಿಜವಾಗಿ ನೋಡಿದ್ರೆ 9.5, 12.7, 15.9. ಹತ್ರ ಹತ್ರ ಅಷ್ಟೇ.

ಸೈಕಲ್_ಸವಾರ_ಚಾಮುಂಡಿ_ಬೆಟ್ಟ
ಹತ್ರ ಹತ್ರ ಅಂದ್ರಲ್ಲ, ನಂಗೆ ಬೇಕಾಗಿದ್ದು ಅದೇ. ಸೈಕಲ್ ಹಿಂದಿನ ಚಕ್ರ ಕಟಕಟ ಅಂತಿತ್ತು, ಬಿಚ್ಚಿ ಹೊಸ ಬಾಲ್ಸ್ ಹಾಕಿದೆ, ಆದ್ರೂ ಆಟ ಹೋಗ್ತಿಲ್ಲ. ಕೋನ್ (ಬಾಲ್ಸನ್ನ ಒತ್ತಿ ಹಿಡಿಯೋ ನಟ್ಟು) ಟೈಟ್ ಮಾಡಿದ್ರೆ ಗಡಸಾಗುತ್ತೆ, ಲೂಸ್ ಮಾಡಿದ್ರೆ ಅಲ್ಲಾಡುತ್ತೆ. ಅಂಗಡೀಲಿ 6 ಎಂಎಂ ಬಾಲ್ ಅಂತ ಕೊಟ್ರು.

ಲೇತ್_ಹೆಬ್ಬಾಳ್_ಇಂಡಸ್ಟ್ರಿಯಲ್
ಹಿಂದಿನ ಹಬ್ಬಿಗೆ ಸಾಮಾನ್ಯವಾಗಿ ಬರೋದು ಕಾಲಿಂಚು ಬಾಲ್, ಅಂದ್ರೆ 6.35 ಎಂಎಂ, ಒಂದೊಂದು ಕಡೆ ಒಂಬತ್ತು. ಮುಂದಿನದಕ್ಕೆ 3/16, ಅಂದ್ರೆ 4.76, ಒಂದೊಂದು ಕಡೆ ಹತ್ತು. ಕೈಯಲ್ಲಿ ಹಿಡಿದ್ರೆ 6ಕ್ಕೂ 6.35ಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಪುಸ್ತಕದ ಮಧ್ಯೆ ಹತ್ತು ಬಾಲ್ ಸಾಲಾಗಿ ಇಡಿ, 60 ಬಂತಾ 63.5 ಬಂತಾ ನೋಡಿ. ಇಲ್ಲಾ ತೂಕ ಹಾಕಿ, ಡಯಾ ಸ್ವಲ್ಪ ಜಾಸ್ತಿ ಆದ್ರೂ ತೂಕ ಮೂರು ಪಟ್ಟು ಪರ್ಸೆಂಟಲ್ಲಿ ಏರುತ್ತೆ. 6 ಎಂಎಂ ಸ್ಟೀಲ್ ಬಾಲ್ ಹತ್ತಕ್ಕೆ 8.8 ಗ್ರಾಮ್, ಕಾಲಿಂಚಿಂದು ಹತ್ತಕ್ಕೆ 10.5.

ಸೈಕಲ್_ಸವಾರ_ಚಾಮುಂಡಿ_ಬೆಟ್ಟ
ಸಾಲಲ್ಲಿಟ್ಟೆ, 60 ಬಂತು. ಹಳೇ ಬಾಲ್ಸಲ್ಲಿ ಆರು ಚೆನ್ನಾಗಿವೆ, ಅವು ಹಾಕಿ ಉಳಿದಿದ್ದು ಮೂರು ಮಾತ್ರ ಹೊಸ ಕಾಲಿಂಚು ತಂದು ಸೇರಿಸ್ಲಾ?

ಲೇತ್_ಹೆಬ್ಬಾಳ್_ಇಂಡಸ್ಟ್ರಿಯಲ್
ಬೇಡ. ಸವೆದಿರೋದು ಕಣ್ಣಿಗೆ ಕಾಣಲ್ಲ, ಹೊಸ ಮೂರೇ ಎಲ್ಲಾ ಭಾರ ಹೊತ್ಕೊಂಡು ಬಾಲ್ ಕೂರೋ ಕಪ್ಪಲ್ಲಿ ಗುಳಿ ಬೀಳಿಸ್ತವೆ. ಎರಡೂ ಕಡೆಗೆ ಹದಿನೆಂಟೂ ಒಂದೇ ಪ್ಯಾಕೆಟಿಂದು ಹಾಕಿ. ಕಪ್ಪು, ಕೋನಲ್ಲಿ ಈಗಾಗ್ಲೇ ಗುಳಿ ಬಿದ್ದಿದ್ಯಾ ಅಂತ ಉಗುರು ಆಡಿಸಿ ನೋಡ್ಕೊಳ್ಳಿ, ಬಿದ್ದಿದ್ರೆ ಕೋನೂ ಬದಲಾಯಿಸ್ಬೇಕು.